ಭಾವನ ಇಪ್ಪತ್ತು ಲೀಟರ್

ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು ಹುರಿದು ಬೀಸುವಾಗ ಏಳುವ ವಾಸನೆ ನಿಮಗೂ ಗೊತ್ತಿರಬಹುದು. ಹೋದ ಭಾನುವಾರ ಬೆಳಿಗ್ಗೆ ಸಹಕಾರನಗರದ ನಮ್ಮ ಫ್ಲೋರ್ ಮಿಲ್ಲಿನಲ್ಲಿ ಅಕ್ಕನ ಜೊತೆ ನಿಂತಿದ್ದೆ. ಮಗಳ ಕೂಸಿಗೆ ಮಾಲ್ಟ್ ಮಾಡಿಕೊಡಬೇಕೆಂದು ಅವಳು ಗಂಗಾನಗರದಿಂದ ಎರಡು ಕೆಜಿ ಹುರಿದ ರಾಗಿ ಹೊತ್ತು ತಂದಿದ್ದಳು. ಗಂಗಾನಗರದಲ್ಲಿ ಮಿಲ್ ಇಲ್ಲವೆಂದಲ್ಲ, ಅಲ್ಲಿಯವನು ಮೆಣಸಿನಕಾಯಿ ಬೀಸಿದ ಮೇಲೆ ಸರಿಯಾಗಿ ಒರೆಸುವುದಿಲ್ಲ ಎಂಬುದು ಅವಳ ಹಳೆಯ ದೂರು. ಹಿಟ್ಟು ಬೆಚ್ಚಗೆ ಡಬ್ಬಕ್ಕೆ ಇಳಿಯುತ್ತಿದ್ದ ಹಾಗೆ ಆ ಸಿಹಿ ವಾಸನೆ ಮೂಗಿಗೆ ಬಡಿಯಿತು. ನನಗೆ ನಗು ಬಂತು. "ಭಾವನ ಬೀರ್ ವಾಸನೆ ಅಲ್ವೇನಕ್ಕ?" ಎಂದೆ. ಅಕ್ಕ ನಗಲಿಲ್ಲ. ಡಬ್ಬದ ಮುಚ್ಚಳ ಒತ್ತಿ, "ನಡಿ, ಮನೇಗೋಗಣ" ಎಂದಳು.

ಭಾವ ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಬಿಯರಿನ ಕಥೆಯನ್ನು ನಾನು ಎಷ್ಟು ಜನರ ಮುಂದೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಮದುವೆ ಮನೆಯಲ್ಲಿ ಹೇಳಿದ್ದೇನೆ, ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿದ್ದೇನೆ, ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿಗಳು ಅಲುಗದೆ ನಿಂತಾಗ ಕಾರಿನೊಳಗೆ ಹೇಳಿದ್ದೇನೆ. ನನಗೆ ಕುಡಿಯುವ ಚಟವಿಲ್ಲ, ಕಥೆ ಹೇಳುವ ಚಟವಿದೆ. ಎರಡನೆಯದರಿಂದ ಯಾರ ಮನೆಯೂ ಹಾಳಾಗುವುದಿಲ್ಲ ಎಂದು ಹೋದ ಭಾನುವಾರದವರೆಗೆ ನಂಬಿದ್ದೆ. ನಿಮಗೂ ಅದೇ ಕಥೆ ಹೇಳುತ್ತೇನೆ, ಬೇರೆಯವರಿಗೆ ಹೇಳುವಾಗ ಬಿಟ್ಟುಬಿಡುತ್ತಿದ್ದುದನ್ನೂ ಸೇರಿಸಿ.

ಭಾವನ ಹೆಸರು ಮುನಿರಾಜು. ಗೊರಗುಂಟೆಪಾಳ್ಯದ ಹತ್ತಿರ ಅವರದೊಂದು ಮೋಟಾರು ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಬೋರ್‌ವೆಲ್ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತು ಎಣಿಸಿ ಸುತ್ತುವ ಕೆಲಸ. ಕೈ ನಡುಗಿದರೆ ಆ ಕೆಲಸ ಆಗುವುದಿಲ್ಲ. ಭಾವನ ಕೈ ಬೆಳಿಗ್ಗೆ ನಡುಗುತ್ತಿತ್ತು, ಒಂದು ಕ್ವಾರ್ಟರ್ ಬ್ರಾಂದಿ ಒಳಗೆ ಹೋದ ಮೇಲೆ ನಿಲ್ಲುತ್ತಿತ್ತು. ಹೀಗೇ ವರ್ಷಗಟ್ಟಲೆ ನಡೆದು, ಕೊನೆಗೆ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದರು. "ಇನ್ನು ಒಂದು ತೊಟ್ಟೂ ಮುಟ್ಟಬಾರದು. ಮುಟ್ಟಿದರೆ ಉಳಿಯಲ್ಲ" ಎಂದು ಡಾಕ್ಟರು ನಮ್ಮೆಲ್ಲರ ಎದುರಿಗೇ ಹೇಳಿ ಕಳಿಸಿದರು. ಭಾವ ಎರಡು ತಿಂಗಳು ಮುಟ್ಟಲಿಲ್ಲ. ನಡುಕವೂ ನಿಂತಿತು.

ಮೂರನೆಯ ತಿಂಗಳು ಅವರು ಅಕ್ಕನಿಗೆ, "ಬೀರ್ ಆದ್ರೂ ಕುಡೀಬೋದಾ ಅಂತ ನಿನ್ ತಮ್ಮನ್ನ ಕೇಳು" ಎಂದರಂತೆ. ಡಾಕ್ಟರನ್ನಲ್ಲ, ನನ್ನನ್ನು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ಅದೂ ಕಾಮರ್ಸು. ನಮ್ಮ ಕಡೆ ಬಿಯರ್ ಲೆಕ್ಕಕ್ಕಿಲ್ಲ. ಹಾಟ್, ಎಂದರೆ ಬ್ರಾಂದಿ ವಿಸ್ಕಿ ಕುಡಿದವನು ಕುಡುಕ, ಬಿಯರ್ ಕುಡಿದವನು ಸೆಕೆಗೆ ಏನೋ ತಂಪಾಗಿ ಕುಡಿದವನು. ಅಂಗಡಿಯ ಬಿಯರ್ ಬೇಡ, ಮನೆಯಲ್ಲೇ ತೆಳ್ಳಗೆ ಮಾಡೋಣ, ಭಾನುವಾರಕ್ಕೆ ಒಂದೇ ಬಾಟಲಿ, ಭಾವನಿಗೆ ಒಂದು ಹವ್ಯಾಸವೂ ಆಗುತ್ತದೆ ಎಂದು ನಾನು ಉಪಾಯ ಹೂಡಿದೆ. "ಡಾಕ್ಟ್ರು ಬ್ಯಾಡ ಅಂದವ್ರಲ್ಲೋ" ಎಂದಳು ಅಕ್ಕ. "ಅವ್ರು ಹೇಳಿದ್ದು ಹಾಟ್ ಬಗ್ಗೆ ಅಕ್ಕ" ಎಂದೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ಕಥೆ ಹೇಳುವಾಗ ನಾನು ಬಿಡುತ್ತಿದ್ದ ಮೊದಲ ಭಾಗ ಇದು. ಮಿಕ್ಕ ತಪ್ಪುಗಳೆಲ್ಲ ಇದರ ಹೊಟ್ಟೆಯಲ್ಲೇ ಹುಟ್ಟಿದವು.

ಮನೆಯಲ್ಲಿ ಬಿಯರ್ ಮಾಡುವುದು ಕಾನೂನಿಗೆ ಒಪ್ಪಿಗೆಯೋ ಇಲ್ಲವೋ ನಾನು ವಿಚಾರಿಸಲಿಲ್ಲ. ವಿಚಾರಿಸದಿದ್ದರೆ ತಪ್ಪಾಗುವುದಿಲ್ಲ ಎಂದು ಧೈರ್ಯ. ನನ್ನ ಹೆಂಡತಿ ವಿಚಾರಿಸದೆಯೇ ಬೇಡ ಎಂದಳು, ಹಾಗಾಗಿ ಇಪ್ಪತ್ತು ಲೀಟರಿನ ಡ್ರಮ್ಮು ಗಂಗಾನಗರದಲ್ಲಿ ಅಕ್ಕನ ಮನೆಯ ಹಿಂದಿನ ಕೋಣೆ ಸೇರಿತು. ಮೊಳಕೆ ಬಾರ್ಲಿ, ಕಹಿಗೆ ಹಾಕುವ ಒಣಗಿದ ಹೂವು, ಯೀಸ್ಟು ಎಲ್ಲವೂ ಕೊರಿಯರಿನಲ್ಲಿ ಬಂದವು. ಬಾರ್ಲಿ ಕುದಿಸಿದ ದಿನ ಬೀದಿಯಲ್ಲೆಲ್ಲ ಮಾಲ್ಟಿನ ವಾಸನೆ. ಯಾರ ಮನೆಯಲ್ಲಿ ಬಾಣಂತನ ಎಂದು ಎದುರು ಮನೆಯಾಕೆ ಕೇಳಿಕೊಂಡು ಬಂದಳು. ಬಾಟಲಿಗಾಗಿ ಆರ್.ಟಿ. ನಗರದ ಗುಜರಿ ಅಂಗಡಿಯ ಸಲೀಂ ಭಾಯ್ ಹತ್ತಿರ ಹೋದೆವು. "ಖಾಲಿ ಬಾಟ್ಲಿ ಮಾರೋಕೆ ಬರೋರ್ನ ದಿನಾ ನೋಡ್ತೀನಿ ಸಾರ್, ತಗೊಳ್ಳೋರ್ನ ಇವತ್ತೇ ನೋಡಿದ್ದು" ಎಂದು ಅವರು ಮೂವತ್ತು ಬಾಟಲಿ ಆರಿಸಿಕೊಟ್ಟರು. ಭಾವ ಅವನ್ನು ಎರಡು ದಿನ ಕೂತು ತೊಳೆದರು. ಒಂದೊಂದನ್ನೂ ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅವರು ಅಷ್ಟು ಗೆಲುವಾಗಿದ್ದುದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ಇನ್ನು ಅಳತೆಯ ವಿಷಯ. ಬಿಯರ್ ಪರೀಕ್ಷಿಸಲು ಗಾಜಿನ ಕಡ್ಡಿಯೊಂದಿದೆ. ಅದರ ಬುಡಕ್ಕೆ ತೂಕ ಇರುತ್ತದೆ, ಮೈಮೇಲೆ ಅಂಕಿಗಳಿರುತ್ತವೆ. ಎತ್ತರದ ಲೋಟಕ್ಕೆ ಬಿಯರ್ ಸುರಿದು ಅದನ್ನು ತೇಲಿಬಿಟ್ಟರೆ, ಸಿಹಿ ಹೆಚ್ಚಿದ್ದಷ್ಟೂ ಮೇಲೆ ನಿಲ್ಲುತ್ತದೆ. ಯೀಸ್ಟು ಸಕ್ಕರೆಯನ್ನು ತಿನ್ನುತ್ತ ಹೋದ ಹಾಗೆ ಕೆಳಗಿಳಿಯುತ್ತದೆ. ಬರೀ ನೀರಿನಲ್ಲಿ ಸೊನ್ನೆ ತೋರಿಸುತ್ತದೆ. ಪೊಟ್ಟಣ ಬಿಚ್ಚಿದ ಕೂಡಲೇ ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಹಸುಗಳಿದ್ದವು. ಡೈರಿಯವನು ಇಂಥದೇ ಕಡ್ಡಿಯನ್ನು ನಮ್ಮ ಹಾಲಿಗೆ ಬಿಡುತ್ತಿದ್ದ. ನೀರು ಬೆರೆಸಿದ ಹಾಲಿನಲ್ಲಿ ಕಡ್ಡಿ ಮುಳುಗುತ್ತದೆ. ನಮ್ಮಮ್ಮ ಎಷ್ಟು ಬೆರೆಸಿದರೆ ಮುಳುಗುವುದಿಲ್ಲ ಎಂಬುದನ್ನು ಸರಿಯಾಗಿ ಬಲ್ಲವಳಾಗಿದ್ದಳು. ಇದನ್ನು ಹೇಳಲು ಈಗ ನಾಚಿಕೆಯೇನಿಲ್ಲ, ಊರಿನಲ್ಲಿ ಎಲ್ಲರೂ ಬೆರೆಸುತ್ತಿದ್ದರು.

ಬಿಯರಿನ ಕಡ್ಡಿ ಮೊದಲ ದಿನ ನಲವತ್ತೆಂಟು ತೋರಿಸಿತು. ಇಳಿದು ಇಳಿದು, ಮೂರು ದಿನ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿಗೆ ತುಂಬಬಹುದು. ಅವಸರಪಟ್ಟರೆ ಒಳಗೆ ಗಾಳಿ ಹೆಚ್ಚಿ ಬಾಟಲಿ ಒಡೆಯುತ್ತದೆ. ನಾನು ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಗಂಗಾನಗರಕ್ಕೆ ಹೋಗಿ, ಸೌಟಿನಲ್ಲಿ ತೆಗೆದು, ಕಡ್ಡಿ ತೇಲಿಸಿ ಅಂಕಿ ಬರೆದುಕೊಳ್ಳುತ್ತಿದ್ದೆ. ಅಳೆದ ಆ ಅರ್ಧ ಲೋಟ ಭಾವನದು, ಒಪ್ಪಂದ ಹಾಗೆ. ನಾನು ರುಚಿ ನೋಡುತ್ತಲೇ ಇರಲಿಲ್ಲ. ಅಂಕಿ ಇದ್ದ ಮೇಲೆ ನಾಲಿಗೆ ಯಾಕೆ ಎಂಬುದು ನನ್ನ ವಾದ.

ಹತ್ತನೆಯ ದಿನ ಹನ್ನೆರಡು ಬಂತು. ಹನ್ನೊಂದನೆಯ ದಿನವೂ ಹನ್ನೆರಡೇ. "ನಾಳೆಯೂ ಇದೇ ಬಂದ್ರೆ ತುಂಬೋಣ" ಎಂದು ನಾನು ಘೋಷಿಸಿದೆ. ಮರುದಿನ ಹನ್ನೊಂದು. ಅದರ ಮರುದಿನ ಹತ್ತು. ಆಮೇಲೆ ಒಂಬತ್ತು. ಯೀಸ್ಟು ಮತ್ತೆ ಎದ್ದು ಕೂತಿದೆ ಎಂದು ನಾನು ಹಿಗ್ಗಿದೆ. ಭಾವ ಲೋಟ ಕೆಳಗಿಟ್ಟು, "ತೆಳ್ಳಗಾಯ್ತಾ ಐತೆ ಕಣಪ್ಪಾ" ಎಂದರು. "ಹದಕ್ಕೆ ಬರ್ತಿದೆ ಭಾವ" ಎಂದೆ. ಅವರು ದಿನಾ ಅದನ್ನೇ ಹೇಳಿದರು, ನಾನೂ ಹೇಳಿದ್ದನ್ನೇ ಹೇಳಿದೆ. ಏಳು ದಿನದಲ್ಲಿ ಆರಕ್ಕೆ ಇಳಿದು ನಿಂತಿತು. ಮೂರು ದಿನ ಆರೇ ಬಂತು. ಬಾಟಲಿ ತುಂಬಲು ರಜೆ ಹಾಕಿದೆ.

ಆ ದಿನ ಕೆಲಸ ಹಂಚಿಕೊಂಡೆವು. ಡ್ರಮ್ಮನ್ನು ಮೇಜಿನ ಮೇಲಿಟ್ಟು ಪೈಪಿನಲ್ಲಿ ಬಾಟಲಿಗೆ ಇಳಿಸುವುದು ನನ್ನದು, ಮುಚ್ಚಳ ಒತ್ತುವುದು ಭಾವನದು. ಎರಡು ಹಿಡಿಯ ಒಂದು ಸಲಕರಣೆ, ಬಾಟಲಿಯ ನೆತ್ತಿಗೆ ಕೂರಿಸಿ ಸಮನಾಗಿ ಒತ್ತಬೇಕು. ಕೈ ಅಲುಗಿದರೆ ಮುಚ್ಚಳ ಸೊಟ್ಟಗಾಗುತ್ತದೆ. ಭಾವನದು ಒಂದೂ ಸೊಟ್ಟಗಾಗಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಅವರ ಕೈಯನ್ನೇ ನೋಡುತ್ತಿದ್ದಳು. ಮಗಳು ಪವಿತ್ರ, ಆಗ ಕಾಲೇಜಿನ ಕೊನೆಯ ವರ್ಷ, ತುಂಬಿದ ಬಾಟಲಿಗಳನ್ನು ಮೂಲೆಗೆ ಜೋಡಿಸುತ್ತಿದ್ದಳು. ಹನ್ನೊಂದು ಬಾಟಲಿ ಆದ ಮೇಲೆ ಪೈಪು ಕಟ್ಟಿಕೊಂಡಿತು. ಬಾಯಿ ಹಾಕಬಾರದು ಎಂದು ಓದಿದ್ದರೂ ನಾನು ಬಾಯಿ ಹಾಕಿ ಎಳೆದೆ. ಬಾಯಿ ತುಂಬ ಬಂದದ್ದು ಬಾರ್ಲಿ ತೊಳೆದ ನೀರಿನಂಥದು.

ಹಾಲು ಮಾರಿದ ಮನೆಯವನಿಗೆ ಇನ್ನೇನು ಬೇಕು? ಹನ್ನೆರಡರಿಂದ ಆರು. ಅರ್ಧಕ್ಕರ್ಧ ನೀರು. ಕದ್ದು ಕುಡಿದು, ಕುಡಿದಷ್ಟೂ ನೀರು ಹೊಯ್ದಿದ್ದಾರೆ.

"ಎಷ್ಟು ದಿನದಿಂದ ಕುಡೀತಿದೀರಾ ಭಾವ?" ಎಂದೆ.

"ನಾನು ಮುಟ್ಟಿಲ್ಲ ಕಣಪ್ಪಾ. ನೀನು ಕೊಟ್ಟಿದ್ದಷ್ಟೇ."

"ನೀವು ಸುಳ್ಳು ಹೇಳಬಹುದು, ಅಳತೆ ಹೇಳಲ್ಲ." ಅಂಕಿ ಬರೆದ ಪುಸ್ತಕ ತೆಗೆದು ಒಂದೊಂದು ದಿನದ್ದೂ ಗಟ್ಟಿಯಾಗಿ ಓದಿದೆ. ಸಾಲದು ಎಂದು, "ಬಾಯಿ ಬಿಡಿ ನೋಡೋಣ" ಎಂದೆ. ಐವತ್ತು ದಾಟಿದ ಮನುಷ್ಯ ಮಗಳ ಎದುರಿಗೆ ಬಾಯಿ ತೆರೆದರು. ಏಲಕ್ಕಿ ವಾಸನೆ ಬಂತು. "ಏಲಕ್ಕಿ ಯಾಕೆ ಅಗೀತಿದೀರಾ?" ಎಂದೆ. ಭಾವ ಕೈಯಲ್ಲಿದ್ದ ಸಲಕರಣೆಯನ್ನು ಮೇಜಿನ ಮೇಲಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ಸಂಜೆ ಕುಡಿದು ಬಿದ್ದಿದ್ದ ಅವರನ್ನು ಯಾರೋ ಆಟೋದಲ್ಲಿ ಕರೆದುಕೊಂಡು ಬಂದರು. ಅಷ್ಟರಲ್ಲಿ ಅಕ್ಕ ಡ್ರಮ್ಮನ್ನೂ ಹನ್ನೊಂದು ಬಾಟಲಿಗಳನ್ನೂ ಬಚ್ಚಲಿಗೆ ಸುರಿದು ತೊಳೆದಿದ್ದಳು. ಆಮೇಲೆ ಭಾವ ಒಂದು ದಿನವೂ ಬಿಡಲಿಲ್ಲ. ಒಂದೂವರೆ ವರ್ಷ ಹಾಗೇ ಕುಡಿದು ಸತ್ತರು.

ಅವರ ಹನ್ನೊಂದನೆಯ ದಿನದ ಊಟಕ್ಕೆ ಕೂತಾಗಲೇ ನಾನು ಆ ಕಥೆ ಹೇಳಿದ್ದೆ. ಕಡ್ಡಿಯನ್ನೂ ನನ್ನ ಪತ್ತೇದಾರಿಕೆಯನ್ನೂ ವರ್ಣಿಸಿ, ಏಲಕ್ಕಿಯ ಹತ್ತಿರ ಸ್ವಲ್ಪ ನಿಲ್ಲಿಸಿದರೆ ಜನ ನಗುತ್ತಿದ್ದರು.

ಮಿಲ್ಲಿನಿಂದ ಮನೆಗೆ ಬಂದ ಮೇಲೆ ಅಕ್ಕ ಸೋಫಾದ ಅಂಚಿನಲ್ಲಿ ಕೂತಳು. ಕಾಫಿ ಬೇಡವೆಂದಳು. "ಅವತ್ತು ನೀರು ಆಕಿದ್ದು ನಾನು ಕಣೋ" ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಾಳೆ ಬಾಟ್ಲಿಗೆ ತುಂಬ್ತೀನಿ ಅಂದ್ಯಲ್ಲ, ಅವತ್ತೇ ಎದೆ ಒಡೆದೋಯ್ತು. ಮೂವತ್ತು ಬಾಟ್ಲಿ ಮನೇಲಿ ಇಟ್ಕಂಡು ನಾನೆಂಗೆ ಕಾಯ್ಲಿ? ದಿನಕ್ಕೆರಡು ಚೊಂಬು ತೆಗೆದು ಬಚ್ಚಲಿಗೆ ಚೆಲ್ಲಿ, ಎರಡು ಚೊಂಬು ನೀರು ಆಕ್ತಿದ್ದೆ. ಕೆಟ್ಟೋಗಬಾರ್ದು ಅಂತ ಕಾಯಿಸಿ ಆರಿಸಿ ಆಕ್ತಿದ್ದೆ, ಅಮ್ಮ ಹಾಲಿಗೆ ಮಾಡ್ತಿರಲಿಲ್ವಾ, ಅಂಗೆ. ಏಳು ದಿನ. ಆಮ್ಯಾಕೆ ಇಷ್ಟು ನೀರಾದ್ರೆ ಸಾಕು, ಅವ್ರಿಗೇನೂ ಆಗಲ್ಲ ಅಂತ ಬಿಟ್ಟೆ."

"ಅವತ್ತು ಹೇಳಬಾರದಿತ್ತಾ ಅಕ್ಕ?"

"ಏಳೋಣ ಅಂತಲೇ ಬಾಯಿ ತೆಗೆದೆ. ನೀನು ಅರ್ಧಕ್ಕರ್ಧ ನೀರು ಅಂದೆ. ದಿನಕ್ಕೆರಡು ಚೊಂಬಲ್ಲಿ ಅಷ್ಟಾಯ್ತದಾ, ಇವ್ರೂ ಕುಡಿದವ್ರೆ ಅನ್ನಿಸ್ತು. ನನಗೂ ಸಿಟ್ಟು ಬಂತು." ಅವಳು ನನ್ನ ಮುಖ ನೋಡಿದಳು. "ನಿನಗೆ ಲೆಕ್ಕ ಬರ್ತದಲ್ಲ, ಈಗ ಮಾಡಿ ಏಳು. ನನ್ನ ನೀರೊಂದರಿಂದಲೇ ಅಷ್ಟು ಇಳೀತದಾ? ಅವ್ರು ಕುಡಿದಿದ್ರಾ, ಇಲ್ವಾ?"

ಅಕ್ಕನ ಮನೆಯ ಚೊಂಬು ಒಂದು ಲೀಟರಿನದು. ಇಪ್ಪತ್ತು ಲೀಟರಿನಲ್ಲಿ ದಿನಕ್ಕೆ ಎರಡು ಲೀಟರ್, ಎಂದರೆ ಹತ್ತರಲ್ಲೊಂದು ಪಾಲು ಹೋಗಿ ಅಷ್ಟೇ ನೀರು ಬಂತು. ಹಾಗೆ ಏಳು ಸಲ. ಮೊಬೈಲಿನಲ್ಲಿ ಒತ್ತಿ ನೋಡಿದೆ. ಮೊದಲ ದಿನಕ್ಕೆ ಹನ್ನೊಂದು, ಎರಡನೆಯ ದಿನಕ್ಕೆ ಹತ್ತು, ಏಳನೆಯ ದಿನಕ್ಕೆ ಆರರ ಹತ್ತಿರ. ನಾನು ಅವತ್ತು ಗಟ್ಟಿಯಾಗಿ ಓದಿದ ಅಂಕಿಗಳೇ. ಭಾವ ಕದಿಯಲು ಅದರಲ್ಲಿ ಜಾಗವೇ ಇರಲಿಲ್ಲ. ತೆಳ್ಳಗಾಗುತ್ತಿದೆ ಎಂದು ಅವರು ದಿನಾ ಹೇಳಿದ್ದರು. ಕದ್ದವನು ತಾನಾಗಿಯೇ ಹಾಗೆ ಹೇಳುತ್ತಾನೆಯೇ ಎಂದು ನನಗೆ ಹೊಳೆದಿರಲಿಲ್ಲ. ಏಲಕ್ಕಿ ಅಗಿಯುತ್ತಿದ್ದುದು ನಾನೇ ಕೊಟ್ಟ ಅರ್ಧ ಲೋಟದ ವಾಸನೆಗಿರಬೇಕು. ಸುಳ್ಳು ಹೇಳಿಬಿಡೋಣ ಎನ್ನಿಸಿತು. ಡಾಕ್ಟರ ಮಾತಿನ ಬಗ್ಗೆ ಅವಳಿಗೆ ಒಮ್ಮೆ ಸುಳ್ಳು ಹೇಳಿದ್ದು ನೆನಪಾಗಿ ಹೇಳಲಿಲ್ಲ.

"ಕುಡಿದಿರಲಿಲ್ಲ ಅಕ್ಕ. ಅಷ್ಟೂ ನಿನ್ನ ನೀರೇ."

ಅಕ್ಕ ಅಳಲಿಲ್ಲ. ಬಹಳ ಹೊತ್ತು ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು. "ಪವಿತ್ರಂಗೆ ನೀನೇ ಏಳು, ನನ್ನ ಬಾಯಲ್ಲಿ ಬರಲ್ಲ" ಎಂದಳು. ಆಟೋ ಹತ್ತಿಸಿ ಬಂದೆ. ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು. ನಾಳೆ ಎಂದರೆ ಧೈರ್ಯ ಉಳಿಯುವುದಿಲ್ಲವೆಂದು ಆಗಲೇ ಯಲಹಂಕಕ್ಕೆ ಪವಿತ್ರಳಿಗೆ ಫೋನ್ ಮಾಡಿದೆ. ಹಿಂದೆ ಮಗುವಿನ ಸದ್ದು ಕೇಳುತ್ತಿತ್ತು. ನೀರು ಹಾಕಿದವರು ಯಾರು, ಎಷ್ಟು, ಹೇಗೆ ಎಂದು ಎಲ್ಲ ಹೇಳಿ, "ನಿಮ್ಮಪ್ಪ ಅದನ್ನ ಮುಟ್ಟಿರಲಿಲ್ಲ ಕಣಮ್ಮಾ" ಎಂದೆ.

ಅವಳು ಎದ್ದು ಆಚೆ ಬಂದಳೇನೋ, ಮಗುವಿನ ಸದ್ದು ದೂರವಾಯಿತು. ಆಮೇಲೆ, "ಅವತ್ತು ರಸ್ತೆ ತನಕ ಅಪ್ಪನ ಹಿಂದೆ ಓಡಿದ್ದೆ ಮಾವ" ಎಂದಳು. "'ನೀನಾದ್ರೂ ನಂಬು, ನಾನು ಮುಟ್ಟಿಲ್ಲ' ಅಂದ್ರು. ನಾನು ನಂಬ್ಲಿಲ್ಲ. ನೀವು ಅಳೆದು ಹೇಳಿದ್ರಲ್ಲ."