ಜೀರಿಗೆ ಹಾಕಿದ ಕೋರೆ ನೀರು

ಊರಿನ ಹಾಳು ಕಲ್ಲುಕೋರೆಯಲ್ಲಿ ನಿಂತ ನೀರಿಗೆ ಬಂಡೆಯಿಂದ ರೇಡಾನ್ ಎಂಬ ವಿಕಿರಣದ ಅನಿಲ ಎಷ್ಟು ಸೇರಿದೆ ಎಂದು ನೋಡುವುದು ನನ್ನ ಕಾಲೇಜು ಪ್ರಾಜೆಕ್ಟ್. ಕೈಕೊಟ್ಟರೆ ನಾನು ಫೇಲ್. ಮಹಾವಿಜ್ಞಾನಿಯ ಗತ್ತಿನಲ್ಲಿ ಕೋರೆಗೆ ಇಳಿದು, ಜಾರಿ ಬಿದ್ದು, ಅರ್ಧ ಕೋರೆ ಕುಡಿದು, ಬಾಟಲಿ ತುಂಬಿ ತಂದು ಅಡುಗೆಮನೆಯಲ್ಲಿಟ್ಟೆ.

ಮರುದಿನ ಕುಂದಾಪುರದ ಕಾಲೇಜಿನಲ್ಲಿ ಮೇಷ್ಟ್ರು ಮುಚ್ಚಳ ತೆಗೆದು ಮೂಸಿದರು.

"ಎಂತ ಮಾರಾಯ, ಕೋರೆ ಒಳ್ಗ್ ಜೀರಿಗಿ ಬೆಳಿತ್ತಾ?"

ಮನೆಗೆ ಓಡಿದೆ. ಅಮ್ಮ ಆ ನೀರನ್ನು ಜೀರಿಗೆ ಹಾಕಿ ಕುದಿಸಿ, ಮತ್ತೆ ಬಾಟಲಿಗೆ ತುಂಬಿಟ್ಟಿದ್ದಳು. ರೇಡಾನ್ ಆವಿಯ ಜೊತೆ ಹಾರಿಹೋಗಿತ್ತು.

"ಅಮ್ಮಾ, ಅದ್ ಪರೀಕ್ಷೆ ಮಾಡುಕೆ, ಕುಡುಕೆ ಅಲ್ಲ!"

"ಸುಮ್ನಿರ್ ಮಾಣಿ. ಹಸಿ ನೀರ್ ಕುಡ್ದ್ ನಿನ್ ಮೇಷ್ಟ್ರಿಗೆ ಹೊಟ್ಟಿ ಕೆಟ್ರೆ?"

ಮತ್ತೆ ಕೋರೆಗಿಳಿದೆ. ಈ ಸಲ ಮನೆ ದಾರಿ ಬಿಟ್ಟು, ಕೆಸರು ಪ್ಯಾಂಟಿನಲ್ಲೇ ಕುಂದಾಪುರದ ಬಸ್ಸು ಹತ್ತಿದೆ.