ಬಲಗೈಯಲ್ಲಿ ಕೊಟ್ಟ ಕಾಫಿ

2022ರ ಜೂನ್ ತಿಂಗಳಲ್ಲಿ ನಾನು ಡಾಲಸ್ ಸುತ್ತಲಿನ ಊರುಗಳಿಗೆ ಅಸೆಸ್‌ಮೆಂಟ್ ನರ್ಸ್ ಆಗಿದ್ದೆ. ಆ ಹೊತ್ತಿಗೆ ಅದೇ ಕೆಲಸದಲ್ಲಿ ಹದಿನೆಂಟು ವರ್ಷ ಸವೆಸಿದ್ದೆ. ಆದಾಯವಿಲ್ಲದ ವೃದ್ಧರ ಮನೆಗೆ ಸರ್ಕಾರದ ಖರ್ಚಿನಲ್ಲಿ ಒಬ್ಬ ಸಹಾಯಕಿಯನ್ನು ಕಳಿಸುವ ಯೋಜನೆಯೊಂದಿದೆ. ಆ ನೆರವು ಯಾರಿಗೆ ಬೇಕು, ವಾರಕ್ಕೆ ಎಷ್ಟು ಗಂಟೆ ಬೇಕು ಎಂದು ಮನೆಗೆ ಹೋಗಿ ನೋಡಿ ಬರೆಯುವುದು ನನ್ನ ಕೆಲಸ. ಸ್ನಾನ, ಬಟ್ಟೆ, ಅಡುಗೆ, ನಡಿಗೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಸ್ಕೋರ್. ಸೊನ್ನೆ ಎಂದರೆ ತಾವೇ ಮಾಡಿಕೊಳ್ಳುತ್ತಾರೆ, ಮೂರು ಎಂದರೆ ಇನ್ನೊಬ್ಬರಿಲ್ಲದೆ ಆಗುವುದಿಲ್ಲ. ನಲವತ್ತು ನಿಮಿಷದಲ್ಲಿ ಒಂದು ಮನೆ ಮುಗಿಸುತ್ತಿದ್ದೆ. ಆಫೀಸಿನಲ್ಲಿ ನನ್ನಷ್ಟು ಬೇಗ ಫೈಲ್ ಮುಗಿಸುವವರು ಯಾರೂ ಇಲ್ಲ ಎಂಬ ಜಂಬವೂ ನನಗಿತ್ತು.

ಟೇಲರ್ ಎಂಬ ಊರಿನಿಂದ ವೀಣಾ ಫೋನ್ ಮಾಡಿದ್ದು ಒಂದು ಸೋಮವಾರ. ವೀಣಾ ನನ್ನ ಚಿಕ್ಕಮ್ಮನ ಮಗಳು, ಅಲ್ಲಿಗೆ ಹತ್ತಿರದ ಚಿಪ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ಅವಳು ಮತ್ತು ಚಿಕ್ಕಮ್ಮ ಇಬ್ಬರೇ. ಚಿಕ್ಕಮ್ಮನಿಗೆ ಎಪ್ಪತ್ತೆಂಟು. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಭಾಗ ಸೋತಿತ್ತು. ವಾಕರ್ ಹಿಡಿದರೆ ಎಂಟು ಹತ್ತು ಹೆಜ್ಜೆ ನಡೆಯುತ್ತಿದ್ದರು, ಆದರೆ ಎಡಗೈಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಗ್ಲೋರಿಯಾ ಎಂಬ ಸಹಾಯಕಿ ವಾರಕ್ಕೆ ಇಪ್ಪತ್ತೈದು ಗಂಟೆ ಬಂದು ಸ್ನಾನ ಮಾಡಿಸಿ, ಊಟಕ್ಕಿಟ್ಟು, ಕೈಹಿಡಿದು ನಡೆಸುತ್ತಿದ್ದಳು.

"ಸುಮಕ್ಕ, ಅಮ್ಮನ ಮೇಲೆ ತನಿಖೆ ಅಂತೆ. ಕಾಗದ ಬಂದಿದೆ. ಫ್ರಾಡ್ ಅಂತ ಬರ್ದಿದಾರೆ" ಎಂದಳು ವೀಣಾ.

ದೂರಿನ ಜೊತೆ ಯಾರೋ ಒಂದು ವೀಡಿಯೊ ಕಳಿಸಿದ್ದರು. ಮೇ ತಿಂಗಳಲ್ಲಿ ಡಾಲಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿ ನಾವೆಲ್ಲ ಹೋಗಿದ್ದ ಗೃಹಪ್ರವೇಶದ್ದು. ಅದರಲ್ಲಿ ಚಿಕ್ಕಮ್ಮ ವಾಕರ್ ಇಲ್ಲದೆ ನೆಟ್ಟಗೆ ನಿಂತು ಮೂರು ನಿಮಿಷ ಆರತಿ ಹಾಡು ಹೇಳುತ್ತಾರೆ. ಚೆನ್ನಾಗಿಯೇ ಹೇಳಿದ್ದಾರೆ. ವೀಡಿಯೊದಲ್ಲಿ ಕಾಣಬಾರದೆಂದು ವಾಕರನ್ನು ಮಡಚಿ ಬಾಗಿಲ ಹಿಂದೆ ಇಟ್ಟಿದ್ದು, ಹಿಂದಿನಿಂದ ವೀಣಾ ತಾಯಿಯ ಸೊಂಟ ಹಿಡಿದು ನಿಂತಿದ್ದು, ಹಾಡು ಮುಗಿದ ಕೂಡಲೇ ಚಿಕ್ಕಮ್ಮ ಕುರ್ಚಿಗೆ ಕುಸಿದಿದ್ದು, ಇದೊಂದೂ ಅದರಲ್ಲಿಲ್ಲ. ಕಳಿಸಿದವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ನಮ್ಮ ಪಕ್ಕದಲ್ಲೇ ಕೂತು ಊಟ ಮಾಡಿದವರು ಎಂಬುದಷ್ಟೇ ಖಚಿತ.

ಸಂಬಂಧಿಕರ ಕೇಸಿಗೆ ನಾವು ಕೈಹಾಕುವಂತಿಲ್ಲ. ನನ್ನ ಮೇಲಧಿಕಾರಿ ಕರೆದು, "ಮನೆಯವಳಾಗಿ ಕೂತ್ಕೋ. ನರ್ಸ್ ಆಗಿ ಬಾಯಿ ತೆಗೆದರೆ ನಿನ್ನ ಲೈಸೆನ್ಸ್‌ಗೂ ತೊಂದರೆ, ಅವರ ಕೇಸಿಗೂ ತೊಂದರೆ" ಎಂದು ಎಚ್ಚರಿಸಿದರು. ಆಗಲಿ ಎಂದು ರಜೆ ಹಾಕಿ, ನಾನಿದ್ದ ಮರ್ಫಿಯಿಂದ ಮೂರು ಗಂಟೆ ಡ್ರೈವ್ ಮಾಡಿ ತನಿಖೆಯ ಹಿಂದಿನ ದಿನವೇ ಟೇಲರ್ ತಲುಪಿದೆ.

ಚಿಕ್ಕಮ್ಮನಿಗೆ ಪಾಠ ಹೇಳಿದ್ದೇ ಹೇಳಿದ್ದು. ದಿನಾ ಇದ್ದ ಹಾಗೆ ಇರಿ, ನೈಟಿಯಲ್ಲೇ ಇರಿ, ಕುರ್ಚಿ ಬಿಟ್ಟು ಏಳಬೇಡಿ, ಕೈಲಾಗದ್ದನ್ನು ಕೈಲಾಗಲ್ಲ ಎನ್ನಿ.

"ಬಂದೋರಿಗೆ ಏನೂ ಕೊಡದೆ ಕಳ್ಸೋದಾ?" ಎಂದು ಕೇಳಿದರು.

"ಅವರು ನೆಂಟರಲ್ಲ ಚಿಕ್ಕಮ್ಮ. ನಿಮ್ಮನ್ನ ಪರೀಕ್ಷೆ ಮಾಡೋಕ್ ಬರ್ತಿರೋರು."

"ಆಯ್ತಮ್ಮ" ಎಂದರು. ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ವೀಣಾ ಶಿಫ್ಟಿಗೆ ಹೋಗಿದ್ದಳು, ಚಿಕ್ಕಮ್ಮ ಮೈಸೂರು ಸಿಲ್ಕ್ ಸೀರೆಯಲ್ಲಿದ್ದರು. ಉಡಿಸಲು ಗ್ಲೋರಿಯಾಗೆ ಒಂದೂವರೆ ಗಂಟೆ ಹಿಡಿದಿತ್ತು. ಬಿಚ್ಚಿ ಎನ್ನುವಷ್ಟರಲ್ಲಿ ಬೆಲ್ ಆಯಿತು. ಸಹಾಯಕಿ ಒಳಗಿರಬಾರದೆಂದು ಕಾಗದದಲ್ಲಿ ಹೇಳಿದ್ದಂತೆ ಗ್ಲೋರಿಯಾ ಹೊರಗೆ ತನ್ನ ಕಾರಿನಲ್ಲಿ ಹೋಗಿ ಕೂತಳು.

ತನಿಖೆಗೆ ಬಂದ ಅಧಿಕಾರಿ ಒರಟು ಮನುಷ್ಯರಲ್ಲ. ಮೂವತ್ತೈದರ ಆಸುಪಾಸು, ಬಾಗಿಲಲ್ಲೇ ಶೂ ಬಿಚ್ಚಿದರು. ಚಿಕ್ಕಮ್ಮನ ಮುಖ ಅರಳಿದ್ದು ಕಂಡೇ ನನಗೆ ಭಯ ಶುರುವಾಯಿತು. ಒರಟರಾಗಿದ್ದರೆ ಚಿಕ್ಕಮ್ಮ ಬಿಗಿದುಕೊಂಡು ಕುರ್ಚಿಯಲ್ಲೇ ಕೂತಿರುತ್ತಿದ್ದರೋ ಏನೋ. ಅಧಿಕಾರಿ ಫೋನನ್ನು ಸ್ಪೀಕರಿಗೆ ಹಾಕಿ ಕನ್ನಡ ಇಂಟರ್‌ಪ್ರಿಟರ್ ಒಬ್ಬರನ್ನು ಲೈನಿಗೆ ತಂದರು. ಮೃದು ದನಿಯ ಗಂಡಸು, ನಮ್ಮ ಮೈಸೂರು ಕಡೆಯ ಮಾತು.

"ನಮಸ್ಕಾರ ಅಮ್ಮ. ಸ್ನಾನಕ್ಕೆ ನಿಮಗೆ ಯಾರಾದ್ರೂ ಸಹಾಯ ಮಾಡ್ತಾರಾ ಅಂತ ಕೇಳ್ತಿದಾರೆ."

ಚಿಕ್ಕಮ್ಮ ಸೆರಗು ಹೊದ್ದುಕೊಂಡರು. "ಇಲ್ಲಪ್ಪ, ನಾನೇ ಮಾಡ್ಕೋತೀನಿ."

"ಬಟ್ಟೆ?"

"ಅದೂ ನಾನೇ."

ಆಚೆ ತುದಿಯಲ್ಲಿರುವವನು ಮಗನ ವಯಸ್ಸಿನ ಕನ್ನಡದ ಹುಡುಗ. ಅವನ ಕಿವಿಗೆ ಈ ಮಾತನ್ನು ಹಾಕುವುದಾದರೂ ಹೇಗೆ? ಇಂಗ್ಲಿಷಿನಲ್ಲಿ ಕೇಳಿದ್ದರೆ ಬಹುಶಃ ಗೋಣಾದರೂ ಆಡಿಸುತ್ತಿದ್ದರು. ನಾನು ಬಾಯಿ ತೆರೆದೆ, ಅಧಿಕಾರಿ ವಿನಯದಿಂದಲೇ ಕೈ ಎತ್ತಿ ತಡೆದರು. ಅಡುಗೆಯ ಪ್ರಶ್ನೆ ಬಂದಾಗ ಚಿಕ್ಕಮ್ಮ ಉತ್ತರ ಹೇಳಲಿಲ್ಲ, ಎದ್ದರು. ನಾನೂ ಎದ್ದೆ. "ಅವರೇ ಮಾಡಲಿ, ದಯವಿಟ್ಟು ಕೂತಿರಿ" ಎಂದರು ಅಧಿಕಾರಿ.

ಹಾಲಿನಿಂದ ಅಡುಗೆಮನೆ ಕಾಣುತ್ತದೆ. ನಮಗೆ ಕಂಡದ್ದು ಬೆನ್ನು ಮಾತ್ರ. ಎಂಟು ಹೆಜ್ಜೆ ನಡೆದು, ವಾಕರ್ ಪಕ್ಕಕ್ಕಿಟ್ಟು, ಕಟ್ಟೆಗೆ ಒರಗಿ ನಿಂತರು. ಡಿಕಾಕ್ಷನ್ ಬೆಳಿಗ್ಗೆಯೇ ಇಳಿಸಿಟ್ಟಿತ್ತು. ಹಾಲು ಕಾಯಲು ಇಟ್ಟರು. ನಾಲ್ಕೈದು ನಿಮಿಷ ಅಧಿಕಾರಿಯ ಪೆನ್ನಿನ ಸದ್ದು ಮಾತ್ರ. ಏನೋ ಸೀದ ವಾಸನೆ ಬಂತು. ಹಾಲು ತಳ ಹಿಡಿಯಿತು ಎಂದುಕೊಂಡೆ.

ಅವರು ಒಂದೊಂದೇ ಲೋಟವನ್ನು ಬಲಗೈಯಲ್ಲಿ ಹಿಡಿದು ಹಾಲಿಗೂ ಅಡುಗೆಮನೆಗೂ ನಡುವಿನ ಕಟ್ಟೆಯ ಮೇಲಿಟ್ಟರು. ಅಧಿಕಾರಿ ತಾವೇ ಎದ್ದುಹೋಗಿ ಇಸಿದುಕೊಂಡರು. ಕೊಡುವುದು, ಇಸಿದುಕೊಳ್ಳುವುದು ನಮ್ಮಲ್ಲಿ ಬಲಗೈಯಲ್ಲೇ. ಎಡಗೈ ಸೆರಗಿನ ಒಳಗಿದ್ದರೆ ನಮ್ಮವರಿಗೇ ವಿಶೇಷ ಅನಿಸುವುದಿಲ್ಲ, ಪಾಪ ಆ ಮನುಷ್ಯನಿಗೆ ಹೇಗೆ ತಿಳಿಯಬೇಕು? "ತುಂಬಾ ಚೆನ್ನಾಗಿದೆ" ಎಂದು ಹೊಗಳಿ ಕುಡಿದರು.

ನಾನೂ ಒಂದು ಗುಟುಕು ಕುಡಿದೆ. ಹಾಲು ಸೀದಿರಲಿಲ್ಲ.

ಆಗ ನನಗೆ ಹೊಳೆಯಿತು. ಚಿಕ್ಕಮ್ಮನ ಕಡೆ ನೋಡಿದೆ. ಸೆರಗಿನೊಳಗೆ ಎಡಗೈ ಅಡಗಿತ್ತು. ಬೇಡ ಎನ್ನುವಂತೆ ಅವರು ಸಣ್ಣಗೆ ತಲೆ ಅಲ್ಲಾಡಿಸಿದರು. ಲೈಸೆನ್ಸ್ ನೆನಪಾಯಿತು, ಕೇಸ್ ಕೆಡುತ್ತದೆ ಎಂಬುದೂ ನೆನಪಾಯಿತು. ನಾನು ಸುಮ್ಮನೆ ಕೂತು ಲೋಟ ಖಾಲಿ ಮಾಡಿದೆ. ನನ್ನ ವೃತ್ತಿಯಲ್ಲಿ ನಾಚಿಕೆಪಡುವ ಗಳಿಗೆಗಳು ಬೇರೆಯೂ ಇವೆ, ಇದರಷ್ಟು ಚುಚ್ಚುವುದು ಇನ್ನೊಂದಿಲ್ಲ.

ಅಧಿಕಾರಿಯ ಕಾರು ಹೊರಟ ಮೇಲೆ ಚಿಕ್ಕಮ್ಮನ ಸೆರಗು ಸರಿಸಿದೆ. ಬೀಳದಿರಲೆಂದು ಅವರು ಎಡಗೈಯನ್ನು ಊರಿದ್ದು ಕಾದ ಗಾಜಿನ ಎಲೆಕ್ಟ್ರಿಕ್ ಒಲೆಯ ಅಂಚಿನ ಮೇಲೆ. ಅಂಗೈ ಚರ್ಮ ಬೆಳ್ಳಗಾಗಿ ಎದ್ದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಇಲ್ಲಿ ಹುಣ್ಣು ಎದುರಿಗೇ ಇದ್ದರೂ ಫೈಲಿಗೆ ಹೋಗಲಿಲ್ಲ.

"ನೋವಿಲ್ಲ ಬಿಡೇ. ಅವರಿಗ್ ಹೇಳ್ಬೇಡ, ಕುಡಿದ ಕಾಫಿ ಮೈಗೆ ಹತ್ತಲ್ಲ" ಎಂದರು.

ಹನ್ನೊಂದನೆಯ ದಿನ ನೋಟಿಸ್ ಬಂತು. ಸ್ನಾನ ಸೊನ್ನೆ, ಬಟ್ಟೆ ಸೊನ್ನೆ, ಅಡುಗೆ ಸೊನ್ನೆ. ನೆರವು ರದ್ದು, ಸುಳ್ಳು ಹೇಳಿ ನೆರವು ಪಡೆದ ಬಗ್ಗೆ ಮುಂದಿನ ಕ್ರಮ. ವೀಣಾ ಅಂದೇ ಅಪೀಲು ಹಾಕಿದಳು. ಅಪೀಲು ಹಾಕಿದರೆ ತೀರ್ಪಿನವರೆಗೆ ನೆರವು ನಡೆಯಬೇಕು, ಆದರೆ ಗ್ಲೋರಿಯಾಳ ಏಜೆನ್ಸಿ ಹೆದರಿ ಅವಳನ್ನು ವಾಪಸ್ ಕರೆಸಿಕೊಂಡಿತು. ಏಳು ವಾರ ನಾನೂ ವೀಣಾಳೂ ರಜೆ ಹೊಂದಿಸಿಕೊಂಡು ನೋಡಿದೆವು. ಒಂದು ದಿನ ಹೊಂದಲಿಲ್ಲ, ಚಿಕ್ಕಮ್ಮ ಐದು ಗಂಟೆ ಒಬ್ಬರೇ ಇದ್ದರು. ನಾನು ಹೋದಾಗ ಅದೇ ಕುರ್ಚಿಯಲ್ಲಿದ್ದರು, ಪಕ್ಕದ ನೀರಿನ ಲೋಟ ತುಂಬಿದ ಹಾಗೇ ಇತ್ತು. ಹೊರಗೆ ನೂರಾ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. "ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಲ್ಲೇ" ಎಂದರು.

ವಿಚಾರಣೆ ಫೋನಿನಲ್ಲೇ ನಡೆಯಿತು, ವಿಚಾರಣಾಧಿಕಾರಿ ಹ್ಯೂಸ್ಟನ್‌ನಲ್ಲಿದ್ದರು. ಈ ಸಲ ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಸುಟ್ಟ ಕೈಯ ಫೋಟೊ, ಡಾಕ್ಟರ ಪತ್ರ ಮೊದಲೇ ಕಳಿಸಿ, ಹೆಂಗಸು ಇಂಟರ್‌ಪ್ರಿಟರೇ ಬೇಕೆಂದು ಬರೆದು ಕೇಳಿದ್ದೆ. ಸ್ನಾನದ ಪ್ರಶ್ನೆ ಮತ್ತೆ ಬಂತು. ಫೋನ್ ಕಟ್ ಆಯಿತೇ ಎಂದು ಆಚೆಯಿಂದ ಕೇಳಿದರು.

"ನನ್ನ ಕೈಲಾಗಲ್ಲ ತಾಯಿ. ಗ್ಲೋರಿಯಾನೇ ಮಾಡಿಸ್ತಾಳೆ. ಕಕ್ಕಸಿಗೆ ಹೋದ್ರೂ ಅವಳೇ ತೊಳೀಬೇಕು" ಎಂದರು ಚಿಕ್ಕಮ್ಮ.

ಆಮೇಲೆ ನನ್ನ ಕಡೆ ತಿರುಗಿ, "ಫೋನ್ ಇಟ್ರಾ?" ಎಂದು ಕೇಳಿದರು. ಇಟ್ಟರು ಎಂದೆ. ಮೂರು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿದ್ದು ಅಂದೇ.

ತೀರ್ಪು ನಮ್ಮ ಕಡೆಗಾಯಿತು. ಫ್ರಾಡ್ ಎಂಬ ಮಾತು ಫೈಲಿನಿಂದ ಹೋಯಿತು, ಗ್ಲೋರಿಯಾ ಮರಳಿದಳು. ಚಿಕ್ಕಮ್ಮ ಮಾತ್ರ ಆಮೇಲೆ ಯಾರ ಸಮಾರಂಭಕ್ಕೂ ಹೋಗಲಿಲ್ಲ, ಎಲ್ಲೂ ಹಾಡಲಿಲ್ಲ.

ಮತ್ತೆ ಕೆಲಸಕ್ಕೆ ಹೋದಾಗ ನಾನು ನೋಡುವ ರೀತಿ ಬದಲಾಯಿತು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ, ಮೊದಲು ಬಾತ್‌ರೂಮ್ ತೋರಿಸಿ ಎನ್ನುತ್ತಿದ್ದೆ. ಸೋಪು ಒಣಗಿ ಬಿರುಕು ಬಿಟ್ಟಿದ್ದರೆ, ಟಬ್ಬಿನ ಸ್ಟೂಲಿನ ಮೇಲೆ ಧೂಳಿದ್ದರೆ, ಬಾಯಲ್ಲಿ ಬಂದ "ನಾನೇ ಮಾಡ್ಕೋತೀನಿ"ಯನ್ನು ನಂಬುತ್ತಿರಲಿಲ್ಲ. ನಲವತ್ತು ನಿಮಿಷದ ಮನೆಗೆ ಎರಡು ಗಂಟೆ ಹಿಡಿಯತೊಡಗಿತು. ಜಂಬವೂ ಇಳಿಯಿತು.

ಈ ಕೆಲಸ ಕಲಿಸಿದ್ದು ಇಷ್ಟು: ಮರ್ಯಾದಸ್ಥರು ಕೇಳಿದ್ದಕ್ಕೆ ನಿಜ ಹೇಳುವುದಿಲ್ಲ, ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಾರೆ. ಅದು ನನಗೆ ಅರ್ಥವಾಗಲು ಹದಿನೆಂಟು ವರ್ಷ ಬೇಕಾಯಿತು. ನಿವೃತ್ತಳಾಗುವ ಮೊದಲು ಹಳೆಯ ಫೈಲುಗಳಲ್ಲಿ ಒಂದನ್ನು ತೆಗೆದು ನೋಡಿದೆ. ನಮ್ಮ ಮರ್ಫಿಯಲ್ಲೇ ಒಬ್ಬಂಟಿಯಾಗಿದ್ದ ಅಜ್ಜಿ. ಎಲ್ಲಕ್ಕೂ ಸೊನ್ನೆ, ಕೆಳಗೆ ನನ್ನ ಸಹಿ. ನಾಲ್ಕು ತಿಂಗಳ ನಂತರದ ಇನ್ನೊಂದು ಪುಟದಲ್ಲಿ, ಬಾತ್‌ರೂಮಿನಲ್ಲಿ ಬಿದ್ದು ತೀರಿಕೊಂಡರು ಎಂದಿತ್ತು.

ಆ ಮನೆಯಲ್ಲೂ ನಾನು ಕಾಫಿ ಕುಡಿದಿದ್ದೆ.