ಅವ್ವನ ಭರಣಿಗೆ ಸುತ್ತಿದ ಹುಲ್ಲು

ಗೆಳೆಯರೇ, ಅವ್ವ ತೀರಿಹೋಗುವ ಮೊದಲು ಹಾಕಿಟ್ಟಿದ್ದ ಮಾವಿನ ಉಪ್ಪಿನಕಾಯಿಯ ಭರಣಿ ಇವತ್ತು ಒಡೆಯಿತು.

ಸಿರುಗುಪ್ಪದಿಂದ ಬಳ್ಳಾರಿಗೆ ಮನೆ ಬದಲಾಯಿಸುತ್ತಿದ್ದೆವು. ಭರಣಿಗೆ ಸುತ್ತಲು ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ತರೋಣ ಎಂದಳು ಹೆಂಡತಿ. "ಪ್ಲಾಸ್ಟಿಕ್ ಯಾಕ ಬೇಕು? ನಮ್ಮ ಗದ್ದಿ ನೆಲ್ಲುಹುಲ್ಲು ಐತಿ, ನಾಳೆ ಬಿಸಾಕಿದ್ರ ಗೊಬ್ಬರ ಆಗತೈತಿ" ಎಂದು ನಾನೇ ದಪ್ಪಗೆ ಹುಲ್ಲು ಸುತ್ತಿ ಬುಟ್ಟಿಯಲ್ಲಿಟ್ಟೆ.

ದಾರಿಯುದ್ದಕ್ಕೂ ಭರಣಿ ಅಲುಗಾಡಲಿಲ್ಲ. ಹೊಸ ಮನೆಯ ಬಾಗಿಲಲ್ಲಿ ಬುಟ್ಟಿ ಇಳಿಸಿ, ಹಾಲು ಉಕ್ಕಿಸಲು ಒಳಗೆ ಹೋದೆವು. ಹೊರಗೆ ಬಂದರೆ ಬೀದಿಯ ದನವೊಂದು ಬುಟ್ಟಿಗೆ ಬಾಯಿ ಹಾಕಿ ಹುಲ್ಲು ಎಳೆಯುತ್ತಿತ್ತು. ನಾನು ಓಡುವಷ್ಟರಲ್ಲಿ ಬುಟ್ಟಿ ಉರುಳಿ, ಭರಣಿ ಮೆಟ್ಟಿಲಿಗೆ ಬಡಿಯಿತು.

ಎದುರುಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತೇ ಹೇಳಿದಳು: "ಯಪ್ಪಾ, ಈ ಓಣ್ಯಾಗ ದನ ಗ್ವಾಡಿಗೆ ಅಂಟಿಸಿದ ಕಾಗದಾನೂ ಬಿಡಂಗಿಲ್ಲ. ನೀ ಹುಲ್ಲ ತಂದು ಬಾಗಿಲದಾಗ ಇಟ್ಟೀಯಲ್ಲ."

ಹೆಂಡತಿ ಬೈಯಲಿಲ್ಲ. ಮಾವಿನ ಹೋಳೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಭರಣಿ ಚೂರು ಸೇರ್ಯಾವ್ರಿ, ತಿನ್ನಾಕ ಬರಂಗಿಲ್ಲ. ಅತ್ತಿ ಕೈಯಿಂದು ಇದೊಂದ ಉಳಿದಿತ್ತು" ಎಂದು ಮೆಲ್ಲಗೆ ಕೆಳಗಿಟ್ಟಳು.

ದನ ಒಂದು ಎಳೆಯನ್ನೂ ಬಿಡದೆ ಹುಲ್ಲು ಮುಗಿಸಿ ಹೋಯಿತು. ಪರಿಸರಕ್ಕಂತೂ ಯಾವ ಹಾನಿಯೂ ಆಗಿಲ್ಲ.